ತಮ್ಮನ ಮಗಳ ಎಕೋ

ನಾನು ಬಯ್ದು ಮೂರು ನಿಮಿಷ ಆಗಿರಲಿಲ್ಲ, ಪಲ್ಲವಿ ಕುಸಿದು ಬಿದ್ದಳು.

ಪಲ್ಲವಿ ನನ್ನ ಮಗಳು. ಆಗ ಹನ್ನೆರಡು ವರ್ಷ. ಮಾನ್ವಿಯಲ್ಲಿ ನಾನು ಪಾಠ ಮಾಡುವ ಸರ್ಕಾರಿ ಶಾಲೆಯಲ್ಲೇ ಏಳನೇ ತರಗತಿ ಓದುತ್ತಿದ್ದಳು. ಖೊಖೊ ಆಟದಲ್ಲಿ ಅವಳನ್ನು ಮುಟ್ಟುವುದು ಕಷ್ಟವಿತ್ತು. ತಾಲ್ಲೂಕು ಪಂದ್ಯಕ್ಕೆ ಹೋಗುವ ತಂಡದಲ್ಲಿ ಮೊದಲ ಹೆಸರು ಅವಳದೇ. ಎರಡು ತಿಂಗಳಿಂದ ಮಾತ್ರ ಆಟದ ನಡುವೆ ಹೋಗಿ ಬೇವಿನ ಗಿಡದ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಕೇಳಿದರೆ, "ಎದಿ ಹಿಡ್ಕೊಂಡಂಗ ಆಗತದವ್ವಾ" ಅನ್ನುತ್ತಿದ್ದಳು. ಮೈ ಬದಲಾಗುವ ವಯಸ್ಸು, ಹುಡುಗರು ನೋಡುತ್ತಾರೆಂದು ನಾಚಿಕೆ, ಅದಕ್ಕೊಂದು ನೆವ ಎಂದು ನಾನು ತಿಳಿದಿದ್ದೆ.

ಆ ದಿನ ಎಲ್ಲ ಮಕ್ಕಳ ಎದುರು ಅಂದೆ: "ನಾಟಕ ಸಾಕು. ಏಳು. ಇಲ್ಲಂದ್ರ ನಾಳಿಂದ ಟೀಮಿನಾಗ ಇರಬ್ಯಾಡ."

ಎದ್ದಳು. ಓಡಿದಳು. ಎರಡು ಕಂಬಗಳ ನಡುವೆ ನಿಂತು ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಮುಖ ಅಡಿಯಾಗಿ ಬಿದ್ದಳು.

ಕೈ ಊರಲಿಲ್ಲ.

ಎಡವಿ ಬಿದ್ದವರು ಕೈ ಊರುತ್ತಾರೆ. ಇಪ್ಪತ್ತು ವರ್ಷ ಮಕ್ಕಳು ಬೀಳುವುದನ್ನು ನೋಡಿದವಳು ನಾನು. ಇದು ಆ ಥರದ ಬೀಳುವಿಕೆ ಅಲ್ಲವೆಂದು ನನ್ನ ಕಾಲುಗಳಿಗೆ ನನಗಿಂತ ಮೊದಲೇ ತಿಳಿಯಿತು. ನಾನು ಓಡಿ ಮುಟ್ಟುವಷ್ಟರಲ್ಲಿ ಅವಳ ತುಟಿ ಬಣ್ಣ ಕಳೆದುಕೊಂಡಿತ್ತು. ಮುಖಕ್ಕೆ ನೀರು ಹಾಕಿದರು. ಒಂದು ನಿಮಿಷವೋ ಅರ್ಧ ನಿಮಿಷವೋ, ಕಣ್ಣು ತೆರೆದಳು. ಹಲ್ಲಿನ ಮೇಲೆಲ್ಲ ಮಣ್ಣು. ಶಾಲೆಯಲ್ಲಿ ನನ್ನನ್ನು ಟೀಚರ್ ಎಂದೇ ಕರೆಯಬೇಕೆಂದು ನಾನೇ ಕಲಿಸಿದ್ದೆ.

"ನಾಟಕ ಅಲ್ರಿ ಟೀಚರ್" ಅಂದಳು.

ಮಾನ್ವಿಯ ಮೊದಲ ಡಾಕ್ಟರು ರಕ್ತ ಕಮ್ಮಿ ಎಂದು ಟಾನಿಕ್ ಬರೆದರು. ಎರಡನೆಯವರು ಬೆಳಿಗ್ಗೆ ಏನು ತಿಂದಿದ್ದಳು ಎಂದು ಕೇಳಿ ಗ್ಲೂಕೋಸ್ ಹಾಕಿದರು. ಮೂರನೆಯವರು ಮಕ್ಕಳ ಡಾಕ್ಟರು, ವಯಸ್ಸಾದವರು. ಸ್ಟೆತೊಸ್ಕೋಪು ಅವಳ ಎದೆಯ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂರಿಸಿದರು. ಕೇಳಿದರು. ಏಳಿಸಿ ನಿಲ್ಲಿಸಿದರು. ಮತ್ತೆ ಕೇಳಿದರು. ಮೂರು ಸಲ ಹಾಗೆ ಮಾಡಿಸಿ, ಕಿವಿಯಿಂದ ಅದನ್ನು ತೆಗೆದು, "ನಿಂತಾಗ ಸದ್ದು ಜೋರಾಗತದ. ನಾಳಿಗೇ ರಾಯಚೂರಿಗೆ ಹೋಗಿ ಎಕೋ ಮಾಡಿಸ್ರಿ. ಅಲ್ಲೀತನಕ ಮೆಟ್ಟಿಲ ಸುದ್ದಾ ಹತ್ತಿಸಬ್ಯಾಡ್ರಿ" ಅಂದರು.

ರಾಯಚೂರಿನ ಆ ಎಕೋ ಕೋಣೆಗೆ ಕಿಟಕಿ ಇಲ್ಲ. ಪರದೆಯ ಬೆಳಕಷ್ಟೇ. ಮಕ್ಕಳ ಹೃದಯ ನೋಡುವ ಡಾಕ್ಟರು ಹೆಣ್ಣುಮಗಳು, ನನಗಿಂತ ಚಿಕ್ಕವರು. ಪಲ್ಲವಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಪ್ರೋಬ್ ಒತ್ತಿ ತಿರುಗಿಸತೊಡಗಿದರು. ಪರದೆಯ ಮೇಲೆ ಬೂದು ಬಣ್ಣದ್ದೇನೋ ಮುಚ್ಚುತ್ತ ತೆರೆಯುತ್ತ ಇತ್ತು. ಅದು ನನ್ನ ಮಗಳ ಹೃದಯ. ನನಗೆ ಅದು ಚೆನ್ನಾಗಿಯೇ ಕಂಡಿತು. ಹೊಡೆದುಕೊಳ್ಳುತ್ತಿತ್ತಲ್ಲ.

ಡಾಕ್ಟರು ಮಾತಾಡುವುದನ್ನು ನಿಲ್ಲಿಸಿದರು. ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಗೆರೆ ಎಳೆದರು. ಅಳತೆ ಬಂತು. ಮತ್ತೆ ಎಳೆದರು. ಅದೇ ಅಳತೆ. ಪಲ್ಲವಿಯ ಎತ್ತರ ತೂಕ ಎಷ್ಟೆಂದು ಎರಡನೇ ಸಲ ಕೇಳಿದರು. ಬಾಯಿ ಮುಚ್ಚಿಕೊಂಡು ಬಲೂನು ಊದಿದ ಹಾಗೆ ಬಿಗಿ ಹಿಡಿ ಅಂದರು. ಅವಳು ಕೆನ್ನೆ ಉಬ್ಬಿಸಿದಳು. ಪರದೆಯ ಮೇಲೆ ನೀಲಿ ಕೆಂಪು ಕಲಸಿಹೋದವು.

ಹೊರಗೆ ಕೂರಿಸಿ ಹೇಳಿದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ಒಂದು ಗೋಡೆ ಇರುತ್ತದೆ. ಈ ವಯಸ್ಸಿನ, ಈ ಮೈಕಟ್ಟಿನ ಮಗುವಿಗೆ ಅದು ಏಳು ಮಿಲಿಮೀಟರ್ ಆಸುಪಾಸು ಇರಬೇಕು. ಪಲ್ಲವಿಯದು ಹದಿನಾರು. ದಪ್ಪಗಾದ ಮಾಂಸ ರಕ್ತ ಹೊರಹೋಗುವ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಓಡಿದಾಗ ಇನ್ನೂ ಇಕ್ಕಟ್ಟು. ಕೆಲವೊಮ್ಮೆ ಹೃದಯ ತಾಳ ತಪ್ಪಿ ನಿಂತೇ ಹೋಗಬಹುದು.

ಹೈಪರ್ಟ್ರೋಫಿಕ್ ಕಾರ್ಡಿಯೋಮಯೋಪತಿ. ಬೋರ್ಡಿನ ಮೇಲೆ ಕಾಗುಣಿತ ತಪ್ಪದೆ ಬರೆಯುವವಳು ನಾನು. ಆ ಹೆಸರನ್ನು ಮೂರು ಸಲ ಬರೆಸಿಕೊಂಡೆ.

"ಇದು ಬಹಳ ಸಲ ಮನಿತನದಾಗ ಹರಿದು ಬರತದ್ರಿ. ನಿಮ್ಮ ಕಡೆ, ನಿಮ್ಮ ಯಜಮಾನರ ಕಡೆ, ಸಣ್ಣ ವಯಸ್ಸಿನಾಗ ಯಾರರ ಸಡನ್ನಾಗಿ ಸತ್ತಾರೇನು?"

ನನ್ನ ಗಂಡ ಶಿವಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ಕಡೆ ಎಲ್ಲರೂ ಎಂಬತ್ತು ದಾಟಿದವರು. ಅವರು ತಲೆ ಅಲ್ಲಾಡಿಸಿ ನನ್ನ ಕಡೆ ನೋಡಿದರು.

"ನಮ್ಮಪ್ಪ. ನಲವತ್ತರೊಳಗ. ಸೈಕಲ್ ತುಳೀತಿದ್ದ" ಅಂದೆ. "ಮತ್ತ ನನ್ನ ತಮ್ಮ. ಇಪ್ಪತ್ತಾರು ವರ್ಷ. ವಾಲಿಬಾಲ್ ಆಡ್ತಿದ್ದ."

"ಅವರು ಯಾಕ ಹೋದ್ರು ಅಂತ ಹೇಳಿದ್ರು?"

ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಇಲ್ಲಿ ಬರೆಯುತ್ತೇನೆ.

ಅಪ್ಪ ಸತ್ತಾಗ ಗಾಳಿ ಸೋಕಿತು ಎಂದರು. ತಮ್ಮ ದೇವರಾಜ ಸತ್ತದ್ದು ದೇವದುರ್ಗದಲ್ಲಿ, ನಮ್ಮ ತವರುಮನೆಯ ಹಿಂದಿನ ಬಯಲಿನಲ್ಲಿ. ಚೆಂಡು ಹೊಡೆಯಲು ಜಿಗಿದವನು ಕೆಳಗಿಳಿದದ್ದು ಹೆಣವಾಗಿ. ಪೋಸ್ಟ್‌ಮಾರ್ಟಮ್ ಮಾಡೋಣ ಎಂದು ಡಾಕ್ಟರು ಕೇಳಿದ್ದರು. ಕೊಯ್ಯುವುದು ಬೇಡ ಎಂದು ನಾವೇ ಅತ್ತು ಬಿಡಿಸಿಕೊಂಡು ಬಂದೆವು. ಕೊಯ್ದಿದ್ದರೆ ಆ ಗೋಡೆ ಅಂದೇ ಕಾಣುತ್ತಿತ್ತು.

ಕೊಯ್ಯಲಿಲ್ಲ. ಬದಲಿಗೆ ಅವನ ಹೆಂಡತಿಯ ಮೇಲೆ ಹೊರಿಸಿದೆವು. ಹುಲಿಗೆಮ್ಮ ನಮ್ಮ ಮನೆಗೆ ಬಂದು ಎರಡು ವರ್ಷ ಆಗಿತ್ತು. ಮಡಿಲಲ್ಲಿ ಆರು ತಿಂಗಳ ಹೆಣ್ಣುಕೂಸು. "ಇಕಿ ಕಾಲ್ಗುಣ ನನ್ನ ಮಗನ್ನ ತಿಂತು" ಅಂದಳು ನಮ್ಮವ್ವ. ಬಂದವರೆಲ್ಲ ಹೌದೆಂದರು. ಹುಲಿಗೆಮ್ಮ ನನ್ನ ಸೆರಗು ಹಿಡಿದು, "ಅಕ್ಕಾರೀ, ನೀವು ಕಲಿತೋರು, ನೀವರ ಹೇಳ್ರಿ" ಅಂದಳು.

ನಾನು ಹೇಳಿದ್ದು ಇಷ್ಟು: "ಸ್ವಲ್ಪ ದಿನ ತವರಿಗೆ ಹೋಗಿ ಇರು. ಅವ್ವನ ಕಣ್ಮುಂದ ಬ್ಯಾಡ."

ಅವಳ ಟ್ರಂಕನ್ನು ಗಬ್ಬೂರು ಬಸ್ಸಿಗೆ ಹತ್ತಿಸಿದವಳು ನಾನೇ. ಸ್ವಲ್ಪ ದಿನ ಒಂಬತ್ತು ವರ್ಷವಾಯಿತು.

ಡಾಕ್ಟರು ಒಂದು ಹಾಳೆಯಲ್ಲಿ ನಮ್ಮ ಮನೆತನದ ಚಿತ್ರ ಬರೆದರು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು. ಸತ್ತವರ ಮೇಲೆ ಓರೆ ಗೆರೆ. ಅಪ್ಪನ ಚೌಕ, ದೇವರಾಜನ ಚೌಕ. ಪಲ್ಲವಿಯ ದುಂಡಿಗೆ ಪೆನ್ನಿನಿಂದ ಕಪ್ಪು ತುಂಬಿದರು. "ತಮ್ಮಗ ಮಕ್ಕಳು?" ಅಂದರು. ಒಂದು ಹೆಣ್ಣು ಅಂದೆ. ಒಂದು ಸಣ್ಣ ದುಂಡು ಬರೆದು ಒಳಗೆ ಪ್ರಶ್ನೆಚಿಹ್ನೆ ಹಾಕಿದರು. "ಆ ಮಗುಗೂ ಎಕೋ ಆಗಬೇಕ್ರಿ. ತಡ ಮಾಡಬ್ಯಾಡ್ರಿ."

ಅದೇ ವಾರ ನಮ್ಮೆಲ್ಲರ ಎಕೋ ಆಯಿತು. ಗಂಡನದು ಸರಿ ಇತ್ತು. ಆರು ವರ್ಷದ ಮಗ ನಿಖಿಲನದು ಸರಿ ಇತ್ತು, ಆದರೆ ಈಗ ಸರಿ ಇದೆಯೆಂದರೆ ಮುಂದೆಯೂ ಇರುತ್ತದೆ ಎಂದಲ್ಲ, ಬೆಳೆಯುವ ತನಕ ವರ್ಷ ವರ್ಷ ನೋಡುತ್ತಿರಬೇಕು ಅಂದರು.

ನನ್ನದು ಹದಿನೈದು ಮಿಲಿಮೀಟರ್.

ಒಂದು ದಿನವೂ ನನಗೆ ಎದೆ ನೋವು ಬಂದಿಲ್ಲ. ಎರಡು ಹೆರಿಗೆ ಆಗಿದೆ. ಗೊತ್ತಿಲ್ಲದೆ ಹೊತ್ತುಕೊಂಡು ತಿರುಗಿದೆ, ಗೊತ್ತಿಲ್ಲದೆ ಮಗಳಿಗೆ ಕೊಟ್ಟೆ. "ಇದು ಯಾರ ತಪ್ಪೂ ಅಲ್ರಿ" ಎಂದು ಡಾಕ್ಟರು ಎರಡು ಸಲ ಹೇಳಿದರು. ಮನೆಗೆ ಬಂದ ಮೇಲೆ ನನ್ನ ಅತ್ತೆ ಒಂದೇ ಸಲ ಹೇಳಿದರು:

"ನಿನ್ನ ರಕ್ತದ ರೋಗ ತಂದು ನನ್ನ ಮಗನ ಮನ್ಯಾಗ ಹಾಕಿದಿ. ಅವಗ ಹೆಣ್ಣು ಸಿಗದಂಗ ಇತ್ತೇನು?"

ಪಕ್ಕದ ಕೋಣೆಯಲ್ಲಿ ನನ್ನ ಗಂಡ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ಮಾತು ಅವರಿಗೆ ಕೇಳಿಸಿತ್ತು. ಸ್ಕ್ರೂ ತಿರುಗಿಸುವ ಸದ್ದು ನಿಲ್ಲಲಿಲ್ಲ. ಆಗ ನನಗೆ ಹುಲಿಗೆಮ್ಮ ನೆನಪಾದಳು. ಪಶ್ಚಾತ್ತಾಪದಿಂದ ಅಲ್ಲ. ಅವಳು ನಿಂತ ಜಾಗದಲ್ಲಿ ಈಗ ನಾನು ನಿಂತಿದ್ದೆ, ಅಷ್ಟಕ್ಕೆ ನೆನಪಾದಳು.

ದೇವದುರ್ಗಕ್ಕೆ ಹೋಗಿ ಅವ್ವನಿಗೆ ಎಲ್ಲ ತಿಳಿಸಿದೆ. ಹುಲಿಗೆಮ್ಮನ ಮಗಳಿಗೂ ಎಕೋ ಮಾಡಿಸಬೇಕಂತೆ ಅಂದೆ.

"ಹೋಗಿ ಏನಂತ ಹೇಳ್ತಿ?" ಅಂದಳು ಅವ್ವ. "ನಿನ್ನ ತಪ್ಪಿಲ್ಲ, ನಾವ ಸುಳ್ಳು ಹೇಳಿ ಹೊರಗ ಹಾಕಿದ್ವಿ ಅಂತ? ನಾಳಿ ಊರಾಗ ನನ್ನ ಮುಖಕ್ಕ ಉಗುಳ್ತಾರ. ಆಕಿ ಕೂಸು ಗಟ್ಟಿ ಅದಂತ, ಬಿಡು."

ಬಿಟ್ಟೆ. ಅವ್ವ ಬೇಡ ಅಂದದ್ದು ನನಗೂ ಬೇಕಾಗಿತ್ತು. ದಿನಾ ಬೆಳಿಗ್ಗೆ ಪಲ್ಲವಿಯ ಮಾತ್ರೆ, ನನ್ನ ಮಾತ್ರೆ ಬಿಡಿಸುತ್ತಿದ್ದೆ. ದಿನಾ ಬೆಳಿಗ್ಗೆ ಗಬ್ಬೂರಿನಲ್ಲಿ ಮಾತ್ರೆಯಿಲ್ಲದ ಒಂದು ಮಗು ಎಲ್ಲೋ ಓಡುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ನೀರು ಕುಡಿದು ಶಾಲೆಗೆ ಹೋಗುತ್ತಿದ್ದೆ. ಹೀಗೆ ನಲವತ್ತು ದಿನ.

ಆ ದಿನಗಳಲ್ಲಿ ಪಲ್ಲವಿ ಬೇರೆಯವಳಾದಳು. ಖೊಖೊ ತಂಡ ಅವಳಿಲ್ಲದೆ ಪಂದ್ಯಕ್ಕೆ ಹೋಗಿ ಗೆದ್ದು ಬಂತು. ಗೆದ್ದದ್ದೇ ಅವಳಿಗೆ ಹೆಚ್ಚು ನೋವಾಯಿತು. ಒಂದು ಸಂಜೆ ಕಾರಣವಿಲ್ಲದೆ ನಿಖಿಲನ ಬೆನ್ನಿಗೆ ಗುದ್ದಿದಳು. ಯಾಕೆಂದು ಗದರಿದರೆ, "ಅವನದ್ಯಾಕ ಚಲೋ ಅದ?" ಅಂದಳು. ರಿಪೋರ್ಟಿನ ಚೀಲ ತೆರೆದು ಡಾಕ್ಟರು ಬರೆದ ಹಾಳೆಯನ್ನು ಹೊರಗೆಳೆದವಳೂ ಅವಳೇ.

"ಈ ಪ್ರಶ್ನಿ ಹಾಕಿದ್ದು ಯಾರು?"

"ನಿನ್ನ ದೇವು ಮಾವನ ಮಗಳು."

"ಆಕಿದು ಎಕೋ ಆತೇನು?"

"ಇಲ್ಲ."

"ಯಾಕ? ನಾ ಬಿದ್ದಂಗ ಆಕಿನೂ ಬೀಳಬೇಕೇನು?"

ಮರುದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಗಬ್ಬೂರಿಗೆ ಹೋದೆ. ಹುಲಿಗೆಮ್ಮ ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆಂದು ಕೇಳಿದ್ದೆ. ಅಡುಗೆಕೋಣೆಯ ಬಾಗಿಲಲ್ಲಿ ನಿಂತೆ. ಸೊರಗಿದ್ದಳು. ನನ್ನನ್ನು ನೋಡಿದಳು, ಗುರುತು ಹಿಡಿದಳು, ತಿರುಗಿ ಸಾರಿಗೆ ಸೌಟು ಹಾಕಿದಳು.

"ಮಕ್ಕಳ ಊಟ ಆಗ್ಲಿ. ಕೂಡ್ರಿ."

ಊಟ ಮುಗಿದು, ಅವಳು ದೊಡ್ಡ ಪಾತ್ರೆ ತಿಕ್ಕುತ್ತಿದ್ದಾಗ ಎಲ್ಲ ಹೇಳಿದೆ. ಪಲ್ಲವಿ ಬಿದ್ದದ್ದು, ಎಕೋ, ನನ್ನ ಎದೆಯಲ್ಲೂ ಇದ್ದದ್ದು, ಅಪ್ಪ, ದೇವರಾಜ. ಕೈ ನಿಲ್ಲಿಸದೆ ಕೇಳಿದಳು.

"ಅಂದ್ರ ಅವರು ಹೋದದ್ದು ಇದರಿಂದ?"

"ಹಂಗ ಅಂತಾರ ಡಾಕ್ಟರು."

"ನನ್ನಿಂದ ಅಲ್ಲ."

"ಅಲ್ಲ."

"ಇನ್ನೊಂದ್ಸಲ ಹೇಳ್ರಿ. ಜೋರಾಗಿ."

ಅವಳ ಜೊತೆ ಅಡುಗೆ ಮಾಡುವ ಮುದುಕಿ ಬಾಗಿಲಲ್ಲಿ ಬಂದು ನಿಂತಿದ್ದಳು. "ದೇವು ಸತ್ತದ್ದು ನಿನ್ನಿಂದ ಅಲ್ಲ ಹುಲಿಗೆಮ್ಮ" ಎಂದು ಜೋರಾಗಿ ಹೇಳಿದೆ. ನನ್ನ ದನಿ ತರಗತಿಯಲ್ಲಿ ಪಾಠ ಓದುವ ಹಾಗಿತ್ತು.

ಅವಳು ನಕ್ಕಳು. "ಹೊರಗ ಹಾಕುವಾಗ ನಿಮ್ಮ ಮನಿಯಿಂದ ಕೂಸಿಗೆ ಒಂದು ಬಟ್ಟಲ ಸುದ್ದಾ ಕೊಡಲಿಲ್ಲ. ಇದೊಂದು ಪಾಲು ಮಾತ್ರ ತಪ್ಪದಂಗ ಮುಟ್ಟಿಸಾಕ ಬಂದೀರಿ." ತಿಕ್ಕುತ್ತಲೇ ಕೇಳಿದಳು: "ಯಾವಾಗ ತಿಳೀತು ನಿಮಗ?"

ಸುಳ್ಳು ಹೇಳಬಹುದಿತ್ತು. ನಿನ್ನೆ ಎನ್ನಬಹುದಿತ್ತು.

"ನಲವತ್ತು ದಿನ ಆತು."

ತಿಕ್ಕುವ ಕೈ ಆಗ ನಿಂತಿತು.

"ನಲವತ್ತು ದಿನ ನನ್ನ ಮಗಳು ಈ ಅಂಗಳದಾಗ ಹಗ್ಗ ಜಿಗದಾಳ."

ಅಷ್ಟೇ ಅಂದಳು. ಬೈದಿದ್ದರೆ ಒಳ್ಳೆಯದಿತ್ತು. ಅಂಗಳದ ಕಡೆ ನಡೆದು, "ಭೂಮಿಕಾ, ಬಾ ಇಲ್ಲಿ. ಓಡಬ್ಯಾಡ, ನಡ್ಕೊಂತ ಬಾ" ಎಂದು ಕರೆದಳು. ಒಂಬತ್ತು ವರ್ಷದ ಹುಡುಗಿ ತೊಳೆದ ತಟ್ಟೆ ಹಿಡಿದು ಬಂದಳು. ನನ್ನ ತಮ್ಮನ ಮುಖ, ಅವನದೇ ಅಗಲ ಹಣೆ. ಎಂದಾದರೂ ಎದೆ ನೋಯುತ್ತದಾ ಎಂದು ಕೇಳಿದೆ. ತಾಯಿಯ ಮುಖ ನೋಡಿ, "ಬಾಳ ಜಿಗದ್ರ ನೋಯ್ತದ. ಕುಂತ್ರ ಹೋಗತದ" ಅಂದಳು.

ಹುಲಿಗೆಮ್ಮನಿಗೆ ಅದು ಗೊತ್ತಿರಲಿಲ್ಲ.

ಭೂಮಿಕಾಳ ಎಕೋಗೆ ರಾಯಚೂರಿಗೆ ಅವ್ವನೂ ಬಂದಳು. ಅಪ್ಪನ ಕಡೆಯದೋ ಅವ್ವನ ಕಡೆಯದೋ ತಿಳಿಯಲು ಅವಳದನ್ನೂ ನೋಡಬೇಕೆಂದು ಡಾಕ್ಟರು ಹೇಳಿದ್ದರು. ಮೊದಲು ಆಗುವುದಿಲ್ಲ ಎಂದವಳು ಆ ದಿನ ತಾನಾಗಿ ದೇವದುರ್ಗದ ಬಸ್ಸಿನಿಂದ ಇಳಿದಳು. ಮೊಮ್ಮಗಳನ್ನು ನೋಡುವ ಆಸೆ ಇತ್ತೇನೋ. ಕಾರಿಡಾರಿನ ಆ ತುದಿಯ ಬೆಂಚಿನಲ್ಲಿ ಕೂತಳು. ಈ ತುದಿಯಲ್ಲಿ ಹುಲಿಗೆಮ್ಮ. ಒಂಬತ್ತು ವರ್ಷದ ನಂತರವೂ ಇಬ್ಬರ ನಡುವೆ ಓಡಾಡಬೇಕಾದವಳು ನಾನೇ.

ಭೂಮಿಕಾ ಮೊದಲು ಜೆಲ್ಲಿಗೆ ನಕ್ಕಳು. ಪರದೆ ನೋಡಿ, "ಮೀನು ಬಾಯಿ ತಗದಂಗ ಮಾಡಾಕತ್ತದ ನೋಡಬೇ" ಎಂದು ತಾಯಿಗೆ ತೋರಿಸಿದಳು. ಹುಲಿಗೆಮ್ಮ ಮಗಳ ಪಾದ ಹಿಡಿದುಕೊಂಡು ನಿಂತಿದ್ದಳು. ನಾನು ಡಾಕ್ಟರ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ನನಗೆ ಆ ಮೌನ ಓದಲು ಬಂದಿತ್ತು. ಗೆರೆ ಎಳೆದರು. ಮತ್ತೆ ಎಳೆದರು. ಮೂರನೇ ಸಲವೂ ಎಳೆದರು.

ಇಪ್ಪತ್ತೆರಡು.

ಪಲ್ಲವಿಗಿಂತ ಮೂರು ವರ್ಷ ಚಿಕ್ಕವಳು, ಗೋಡೆ ಅವಳಿಗಿಂತ ಆರು ಮಿಲಿಮೀಟರ್ ದಪ್ಪ.

"ಆಟ ಬಿಡಿಸಿದ್ರ ಬದುಕ್ತಾಳೇನ್ರಿ?" ಹುಲಿಗೆಮ್ಮ ಕೇಳಿದ್ದು ಇದೊಂದನ್ನೇ.

"ಅಪಾಯ ಕಡಿಮಿ ಆಗತದ" ಅಂದರು ಡಾಕ್ಟರು. "ಮಾತ್ರಿ ತಪ್ಪಿಸಬಾರದು. ಎದಿಯಾಗ ಒಂದು ಸಣ್ಣ ಮಷಿನ್ ಕೂಡಿಸಬೇಕಾಗಬಹುದು, ಹೃದಯ ತಾಳ ತಪ್ಪಿದ್ರ ಅದು ಎಬ್ಬಿಸತದ. ಹೈದರಾಬಾದಿಗೆ ಬರ್ಕೊಡ್ತೀನಿ. ಖಾತ್ರಿ ಮಾತ್ರ ನಾ ಕೊಡಾಕಾಗಂಗಿಲ್ಲ ತಂಗಿ. ಆದ್ರ ಬಿದ್ದ ಮ್ಯಾಲ ಬಂದಿಲ್ಲ ನೀವು. ಬೀಳೋಕಿಂತ ಮೊದಲ ಬಂದೀರಿ."

ಹುಲಿಗೆಮ್ಮ ನನ್ನ ಕಡೆ ನೋಡಲಿಲ್ಲ. ನಲವತ್ತು ದಿನದ ಲೆಕ್ಕ ನಮ್ಮಿಬ್ಬರಿಗೇ ಗೊತ್ತಿತ್ತು.

ಕೊನೆಗೆ ಅವ್ವನ ಸರದಿ. ಹತ್ತು ನಿಮಿಷಕ್ಕೆ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. ಮುಖ ಬೆಳಗಿತ್ತು. ಅಷ್ಟು ಖುಷಿಯ ಮುಖವನ್ನು ದೇವರಾಜ ಸತ್ತ ಮೇಲೆ ನಾನು ನೋಡಿರಲಿಲ್ಲ.

"ನಂದು ಚಲೋ ಅದಂತ! ಎಲ್ಲಾ ಅವರ ಕಡೇದು! ನನ್ನಿಂದ ಅಲ್ಲಂತಬೇ, ನನ್ನಿಂದ ಅಲ್ಲ!"

ಕಾರಿಡಾರಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ತನ್ನ ರಿಪೋರ್ಟಿನ ಲಕೋಟೆ ಹಿಡಿದುಕೊಂಡಿದ್ದ ಭೂಮಿಕಾಳೂ ನೋಡಿದಳು, ಈ ಮುದುಕಿ ಯಾರು ಎನ್ನುವ ಹಾಗೆ. ಹುಲಿಗೆಮ್ಮ ಎದ್ದು ಅವ್ವನ ಮುಂದೆ ಹೋಗಿ ನಿಂತಳು. ದನಿ ಏರಿಸಲಿಲ್ಲ.

"ನಿನ್ನಿಂದ ಅಲ್ಲ ಅಂತ ತಿಳಿಯಾಕ ನಿನಗ ಹತ್ತು ನಿಮಿಷ ಸಾಕಾತು ಅತ್ತಿ. ನನಗ ಒಂಬತ್ತು ವರ್ಷ ಹಿಡೀತು."

ಅವ್ವ ಕೈ ಮುಂದೆ ಮಾಡಿ ಮೊಮ್ಮಗಳ ತಲೆ ಮುಟ್ಟಲು ಹೋದಳು. ಭೂಮಿಕಾ ತಾಯಿಯ ಹಿಂದೆ ಸರಿದಳು. ಅವ್ವ ಕ್ಷಮೆ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ನಾನು ಕೇಳಿದೆ, ಗಬ್ಬೂರಿಗೆ ಹೋಗಿ, ಅವಳ ತಾಯಿತಂದೆಯ ಎದುರು. "ಕೇಳಿದ್ರಲ್ಲ, ಆತು" ಅಂದಳು ಹುಲಿಗೆಮ್ಮ. ಕ್ಷಮಿಸಿದೆ ಅನ್ನಲಿಲ್ಲ. ಅದನ್ನು ಬಯಸುವ ಹಕ್ಕು ನನಗಿಲ್ಲ ಎಂದು ತಿಳಿದುಕೊಂಡಿದ್ದೇನೆ.

ಈಗ ಒಂದು ವರ್ಷ ದಾಟಿದೆ. ಭೂಮಿಕಾಳ ಎಡಗಡೆ ಕೊರಳೆಲುಬಿನ ಕೆಳಗೆ ಮಷಿನ್ ಕೂತಿದೆ. ಚರ್ಮದಡಿ ಬೆಂಕಿಪೊಟ್ಟಣದಷ್ಟು ಉಬ್ಬು. ಒಮ್ಮೆ ತರಗತಿಯಲ್ಲಿ ಅದು ಒಳಗಿಂದ ಕರೆಂಟು ಹೊಡೆಯಿತು. ಕತ್ತೆ ಒದ್ದ ಹಾಗಾಯಿತು ಎಂದು ಅತ್ತಳಂತೆ. ಆಮೇಲೆ ಒಂದು ವಾರ ಶಾಲೆಗೆ ಹೋಗಲು ಒಪ್ಪಲಿಲ್ಲ. ಅದು ಹೊಡೆಯದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವಳಿಗೆ ಯಾರೂ ಹೇಳಿಲ್ಲ. ಪಲ್ಲವಿಯ ಗೋಡೆ ಅಷ್ಟೇ ಇದೆ. ನನ್ನೊಂದಿಗೆ ಮೊದಲಿನಂತೆ ಮಾತಾಡುತ್ತಾಳೆ, ಆಟದ ಮಾತು ಮಾತ್ರ ತೆಗೆಯುವುದಿಲ್ಲ. ಮೈದಾನದಲ್ಲಿ ಯಾವ ಮಗು ಸುಸ್ತಾಗಿ ಕೂತರೂ ನಾನೀಗ ಎಬ್ಬಿಸುವುದಿಲ್ಲ. ನನ್ನ ಗಂಡ ಒಂದು ದಿನ ಅತ್ತೆಗೆ, "ಇನ್ನೊಮ್ಮಿ ರಕ್ತದ ಮಾತು ಆಡಬ್ಯಾಡಬೇ" ಅಂದರು. ತಡವಾಗಿ ಅಂದರು. ಆದರೂ ಅಂದರು.

ಹೋದ ತಿಂಗಳ ಎಕೋಗೆ ಹುಲಿಗೆಮ್ಮನಿಗೆ ರಜೆ ಸಿಗಲಿಲ್ಲ, ಅಡುಗೆ ಹೊತ್ತಿಗೆ ಶಾಲೆಗೆ ಮರಳಬೇಕಿತ್ತು. ಬೆಳಿಗ್ಗೆ ರಾಯಚೂರು ಬಸ್‌ಸ್ಟ್ಯಾಂಡಿಗೆ ಬಂದು ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟಳು. ಮಾತ್ರೆ ಯಾವ ಜೇಬಿನಲ್ಲಿದೆ, ನೀರು ಎಷ್ಟು ಸಲ ಕುಡಿಸಬೇಕು, ಬಿಸಿಲಲ್ಲಿ ನಿಲ್ಲಿಸಬಾರದು, ಎಲ್ಲ ಹೇಳಿದಳು. ನನಗೆ ಗೊತ್ತಿದ್ದದ್ದೇ. ತಲೆಯಾಡಿಸಿ ಕೇಳಿಕೊಂಡೆ.

ಇಬ್ಬರು ಹುಡುಗಿಯರದೂ ಎಕೋ ಆಯಿತು. ಹೋದ ಸಲಕ್ಕಿಂತ ಹೆಚ್ಚಾಗಿಲ್ಲ ಅಂದರು ಡಾಕ್ಟರು. ಕಡಿಮೆ ಆಗುವ ರೋಗ ಇದಲ್ಲ. ಹೆಚ್ಚಾಗದಿದ್ದರೆ ಅದೇ ನಮಗೆ ಒಳ್ಳೆಯ ಸುದ್ದಿ.

ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಒಳಗೆ ಕಾಲಿಡುವಾಗ ಗಬ್ಬೂರು ಬಸ್ಸು ಹೊರಟಿತ್ತು. ಇಪ್ಪತ್ತು ಹೆಜ್ಜೆ ದೂರ. ಕಂಡಕ್ಟರು ನಮ್ಮನ್ನು ನೋಡಿ, "ಬರ್ರಿ ಬರ್ರಿ, ಓಡ್ರಿ" ಎಂದು ಕೈ ಬೀಸಿದರು. ಭೂಮಿಕಾಳ ಕೈ ನನ್ನ ಕೈಯೊಳಗೆ ಬಿಗಿಯಾಯಿತು. ಆ ಕಡೆ ಪಲ್ಲವಿ ನಿಂತೇಬಿಟ್ಟಳು.

"ಹೋಗ್ಲಿ ಬಿಡ್ರಿ" ಎಂದು ನಾನು ಕೂಗಿದೆ. ಬಸ್ಸು ಹೋಯಿತು.

ಹುಲಿಗೆಮ್ಮನಿಗೆ ಫೋನ್ ಮಾಡಿ, ಬಸ್ಸು ತಪ್ಪಿತು, ತಡವಾಗುತ್ತದೆ ಅಂದೆ.

"ಓಡಲಿಲ್ಲಲ್ಲ?"

"ಇಲ್ಲ."

"ಹಂಗಾರ ತಡ ಆದ್ರ ಆಗ್ಲಿ" ಅಂದಳು. "ನೀವೂ ಕುಂತು ಒಂಚೂರು ನೀರು ಕುಡೀರಿ."

ನೆರಳಿರುವ ಬೆಂಚು ಹುಡುಕಿ ಮೂವರೂ ಕೂತೆವು. ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.